ತಂತಿ ಮೇಲಿನ ಬದು

ಭಾನುಪ್ರಿಯ ಎಸೆದ ಕಲ್ಲು ಗುಡ್ಡದ ಮೇಲಿನ ಶೆಡ್ಡಿನ ಬಾಗಿಲಿಗೆ ಬಡಿಯಬೇಕಿತ್ತು. ಆದರೆ ಬಾಗಿಲು ತೆರೆದೇ ಇತ್ತು. ಕಲ್ಲು ಹೊಸಿಲು ದಾಟಿ ಒಳಗೆ ಉರುಳಿ, ಸ್ಟೂಲಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ ಯುವಕನ ಕಾಲ ಹತ್ತಿರ ನಿಂತಿತು. ಅದರ ತಲೆಗೆ ಬಳಿದ ಸುಣ್ಣ ಇನ್ನೂ ಹಸಿಯಾಗಿತ್ತು.

"ಇನ್ನೂ ಅವೆ," ಅಂದಳು. "ಎಲ್ಲಾನೂ ಕಿತ್ತು ತಂದಿವ್ನಿ. ಇಟ್ಕಂಡು ಮನೆ ಕಟ್ಕಳಿ."

ಅವನು ಎದ್ದು ಬಂದ. ಬಾಯಲ್ಲಿ ಇಡ್ಲಿ, ಕಣ್ಣಲ್ಲಿ ಕೆಂಡ. "ಯಾರ್ರೀ ನೀವು? ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ನೆಟ್ಟಿದ್ದು ಕಣ್ರೀ ಅವು!"

"ನೀವು ನೆಟ್ರಲ್ಲಾ, ಆ ಸೊಪ್ಪಿನ ತೋಟದೋಳು. ಚೆಲುವಯ್ಯನ ಮಗಳು. ನೀವ್ ಯಾರು ಅಂತ ಏಳಿ ಮೊದ್ಲು."

ಹೇಳಿದ. ಹೆಸರು ಮುನಿಕೃಷ್ಣ, ಊರು ಕನಕಪುರದ ಕಡೆ, ಕೆಲಸ ಈ ಗುಡ್ಡದ ಮೇಲೆ ಹೊಸದಾಗಿ ಎದ್ದ ರೇಡಿಯೋ ಬೀಕನ್ ನೋಡಿಕೊಳ್ಳುವುದು. ಕುದೂರಿನಿಂದ ಒಂದಿಷ್ಟು ಆಚೆ, ಅವಳ ತೋಟಕ್ಕೆ ಅಂಟಿಕೊಂಡ ಗುಡ್ಡ ಅದು. ಮೇಲೊಂದು ಕಂಬ, ಪಕ್ಕದಲ್ಲೊಂದು ಶೆಡ್ಡು, ಸುತ್ತ ಬೇಲಿ. ಊರವರು ಅದನ್ನು ಮೊಬೈಲ್ ಟವರ್ ಎಂದುಕೊಂಡು, ಇಷ್ಟು ಹತ್ತಿರವಿದ್ದೂ ಒಂದು ಕಡ್ಡಿ ಸಿಗ್ನಲ್ ಬರುವುದಿಲ್ಲವಲ್ಲ ಎಂದು ದಿನಾ ಬೈಯುತ್ತಿದ್ದರು.

ಸುಣ್ಣದ ಕಲ್ಲಿಗೆ ಆ ಸೀಮೆಯಲ್ಲಿ ಆಗ ಒಂದೇ ಅರ್ಥ. ಬಿಡದಿಯ ಸುತ್ತ ಕಾರ್ಖಾನೆಗಳು ಹಬ್ಬುತ್ತಿದ್ದ ವರ್ಷಗಳು ಅವು. ಮೊದಲು ಮೂರು ಕಾಲಿನ ದುರ್ಬೀನು ಬರುತ್ತಿತ್ತು, ಆಮೇಲೆ ಬಿಳಿ ಕಲ್ಲು, ಆಮೇಲೆ ನೋಟೀಸು, ಕೊನೆಗೆ ಕಾಂಪೌಂಡು. ಭಾನುವಿನ ಚಿಕ್ಕಮ್ಮನ ತೋಟ ಹೋಗಿದ್ದು ಹಾಗೆಯೇ. ಚಿಕ್ಕಮ್ಮ ಈಗ ಅದೇ ಕಾಂಪೌಂಡಿನೊಳಗೆ ಕಸ ಗುಡಿಸುತ್ತಿದ್ದಳು.

"ಅದು ಗಡಿ ಕಲ್ಲಲ್ಲ ಕಣ್ರೀ," ಅಂದ ಮುನಿಕೃಷ್ಣ. "ಕಂಬದ ಬುಡದಿಂದ ಸುತ್ತ ಮಣ್ಣೊಳಗೆ ತಾಮ್ರದ ತಂತಿ ಹೂತಿವಿ. ನಿಮ್ಮಪ್ಪಾರೇ ಒಪ್ಕಂಡವ್ರೆ. ಆ ತಂತಿ ತುಂಡಾದ್ರೆ ಈ ಕಂಬ ಕೂಗಿದ್ದು ದೂರಕ್ಕೆ ಕೇಳಕಿಲ್ಲ. ಉಳೋರಿಗೆ ಗೊತ್ತಾಗ್ಲಿ ಅಂತ ಕಲ್ಲು."

"ಕಂಬ ಕೂಗ್ತದಾ?"

"ರೇಡಿಯೋದಲ್ಲಿ ಕೂಗ್ತದೆ. ವಿಮಾನದೊಳಗೆ ಒಂದು ಮುಳ್ಳಿರ್ತದೆ, ಗಡಿಯಾರದ ಮುಳ್ಳಿದ್ದಂಗೆ. ಮೋಡ ಕವ್ಕಂಡು ನೆಲಾನೇ ಕಾಣ್ದಿದ್ರೂ ಆ ಮುಳ್ಳು ಈ ಕಂಬದ ಕಡೇಗೇ ತಿರುಗ್ತದೆ. ಪೈಲಟ್ಟು ಅದನ್ನ ನಂಬ್ಕಂಡು ಬತ್ತಾನೆ. ಕಂಬ ದಾಟಿದ ತಕ್ಷಣ ಮುಳ್ಳು ಹಿಂದಕ್ಕೆ ತಿರುಗ್ಕಂತದೆ. ಅಲ್ಲಿಗೆ, ತಾನು ಎಲ್ಲಿವ್ನಿ ಅಂತ ಅವ್ನಿಗೆ ಗೊತ್ತಾಯ್ತು."

"ಚೆನ್ನಾಗೈತೆ ಕತೆ. ನಮ್ಮಪ್ಪ ಯಾರೇನ್ ಅಂದ್ರೂ ಒಪ್ಕಂತಾನೆ. ಚಿಕ್ಕಮ್ಮನ ತೋಟ ಅಳೆಯಕೆ ಬಂದೋನೂ ಇಂಗೇ ನಮ್ ಮಾತಲ್ಲೇ ನಯವಾಗಿ ಕತೆ ಏಳ್ದ."

ತಿರುಗಿ ಹೊರಟವಳಿಗೆ ಅವನ ಗದ್ದದ ಮೇಲೆ ಚಟ್ನಿ ಅಂಟಿರುವುದು ಕಂಡಿತು. ಹೇಳಲಿಲ್ಲ. ಅಂಟಿಕೊಂಡೇ ಇರಲಿ, ಮೇಲಧಿಕಾರಿ ಬಂದು ನಗಲಿ ಎಂದುಕೊಂಡಳು. ಆದರೆ ಸಂಜೆ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವಾಗ ಆ ಗದ್ದವೇ ನೆನಪಿಗೆ ಬಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನು ಮತ್ತೆ ಕಲ್ಲು ನೆಟ್ಟ. ಇವಳು ಮತ್ತೆ ಕಿತ್ತಳು. ಅವನು ನ್ಯಾಯ ಕೇಳಲು ಚೆಲುವಯ್ಯನ ಮನೆಗೇ ಬಂದ. ಮನೆಯ ಪಕ್ಕ ಹುಳದ ಮನೆ. ರೇಷ್ಮೆ ಹುಳಗಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಬಕಬಕನೆ ಮೇಯುತ್ತಿದ್ದ ದಿನಗಳು. ಆಗ ಆ ಸುತ್ತ ಬೀಡಿ ಹಚ್ಚುವಂತಿಲ್ಲ, ಅಗರಬತ್ತಿ ಹಚ್ಚುವಂತಿಲ್ಲ, ಒಗ್ಗರಣೆಯನ್ನೂ ದೂರದಲ್ಲೇ ಹಾಕಬೇಕು. ಇವನು ಮಲ್ಲಿಗೆ ಸೆಂಟು ಹೊಡೆದುಕೊಂಡು ಬಂದಿದ್ದ. ಭಾನು ಪೊರಕೆ ಅಡ್ಡ ಹಿಡಿದು ನಿಂತಳು.

"ಅಲ್ಲೇ ನಿಂತ್ಕಳಿ! ಸೆಂಟ್ ಹೊಡ್ಕಂಡು ಹುಳದ ಮನೆ ಅತ್ರ ಬತ್ತಾರೇನ್ರೀ? ವಾಸ್ನೆಗೆ ಹುಳ ಮೇವು ಬುಟ್ರೆ ನೀವು ತಂದ್ಕೊಡ್ತೀರಾ ರೇಷ್ಮೆ ಗೂಡು?"

"ಗೊತ್ತು ಕಣ್ರೀ. ನಮ್ಮವ್ವ ದೊಡ್ಡಲಕ್ಷ್ಮಮ್ಮನೂ ಹುಳ ಸಾಕ್ದೋಳೇ."

"ಗೊತ್ತಿದ್ದೂ ಹೊಡ್ಕಂಡ್ ಬಂದ್ರಾ?"

"ಬಂದಿದ್ದು ಹುಳ ನೋಡಕಲ್ವಲ್ಲ," ಅಂದುಬಿಟ್ಟ. ಅಂದ ಮೇಲೆ ಅವನ ಮುಖವೇ ಕೆಂಪಾಯಿತು.

ಅವಳು ಬಾಗಿಲನ್ನು ದಢಾರನೆ ಹಾಕಿದಳು. ಹಾಕಿ, ಬಾಗಿಲಿನ ಹಿಂದೆ ಪೊರಕೆ ಹಿಡಿದುಕೊಂಡೇ ನಿಂತಳು. ಅವನ ಚಪ್ಪಲಿ ಸದ್ದು ಗುಡ್ಡದ ದಾರಿ ಹಿಡಿಯುವವರೆಗೂ ಅವಳಿಗೆ ಒಳಗೆ ಹೋಗಲಾಗಲಿಲ್ಲ.

ಮುಂದಿನ ಸಲ ತೋಟದ ಅಂಚಿನಲ್ಲಿ ಎದುರಾದಾಗ ಅವನ ಮೈಯಲ್ಲಿ ಬರೀ ಸೋಪಿನ ವಾಸನೆ. ತನಗಾಗಿ ಬಿಟ್ಟಿದ್ದಾನೆ ಎಂದು ಅವಳಿಗೆ ತಿಳಿಯಿತು, ಇಷ್ಟವೂ ಆಯಿತು. ಇಷ್ಟವಾದದ್ದಕ್ಕೆ ಕೋಪ ದುಪ್ಪಟ್ಟಾಯಿತು.

"ದಾರಿ ಬುಡಿ," ಅಂದಳು.

"ಬುಡ್ತೀನಿ. ಒಂದ್ ವಿಷ್ಯ ಗೊತ್ತಾ? ಮಿಂಚು ಹೊಡೆದ್ರೆ ಆ ಮುಳ್ಳು ಕಂಬ ಬುಟ್ಟು ಮಿಂಚಿನ ಕಡೆ ತಿರುಗ್ಬುಡ್ತದೆ. ಪೈಲಟ್‌ಗೋಳಿಗೆ ಅದೊಂದು ದೊಡ್ಡ ತಲೆನೋವು."

"ಅದನ್ನ ನನಗ್ಯಾಕ್ ಏಳ್ತೀರ?"

"ನನಗೂ ಅದೇ ತಲೆನೋವು ಬಂದೈತೆ, ಅದ್ಕೆ," ಅಂದು ಅವನು ಕಣ್ಣು ಬೇರೆ ಕಡೆ ತಿರುಗಿಸಿದ. ತಿರುಗಿಸುವ ಮುಂಚೆ ಒಂದು ಗಳಿಗೆ ಅವಳ ಮೂಗಿನ ಬೆವರನ್ನು ನೋಡಿದ್ದ. ಆ ಒಂದು ಗಳಿಗೆ ಅವಳ ನಿದ್ದೆ ಕೆಡಿಸಿತು.

ಹಾಗಂತ ನಂಬಿದಳೆಂದಲ್ಲ. ನಂಬಿದ್ದು ಅರ್ಧ. ನಂಬದ ಇನ್ನರ್ಧಕ್ಕೆ ಚಿಕ್ಕಮ್ಮನ ಮುಖವಿತ್ತು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ, ಸೊಪ್ಪು ಕೊಯ್ದ ಸಾಲುಗಳು ಬರಿದಾದ ಮೇಲೆ ಅವಳು ಬಾಡಿಗೆಗೆ ಪವರ್ ಟಿಲ್ಲರ್ ತಂದು ಸಾಲಿನ ನಡುವೆ ಆಳವಾಗಿ ಹೊಡೆದಳು. ಕಲ್ಲಿನ ಗುರುತು ಎಲ್ಲಿತ್ತು? ಎಲ್ಲವೂ ಅವಳೇ ಕಿತ್ತದ್ದು. ಟಿಲ್ಲರಿನ ಹಲ್ಲಿಗೆ ಕೆಂಪು ತಂತಿ ಸುತ್ತಿಕೊಂಡಿತು. ಅದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಳೆದು ಬೇಲಿಯ ಮೇಲೆ ಎಸೆದು, ಇಡೀ ಪಟ್ಟಿ ಉತ್ತು ಮುಗಿಸಿದಳು.

ಮಾರನೆಯ ದಿನವೇ ವಿಮಾನ ಬಂತು. ಸಣ್ಣ ವಿಮಾನ, ತೆಂಗಿನ ಗರಿ ಅಲುಗುವಷ್ಟು ಕೆಳಗೆ. ಗುಡ್ಡದ ಸುತ್ತ ಸುತ್ತಿತು, ದೂರ ಹೋಯಿತು, ಮತ್ತೆ ಬಂತು. ಊರಿಗೆ ಊರೇ ಹೊರಗೆ ಬಂದು ನಿಂತಿತು.

"ಮ್ಯಾಲಿಂದ ಸರ್ವೆ ಮಾಡ್ತಾವ್ರೆ ಕಣ್ರಲಾ!" ಎಂದು ಚೆಲುವಯ್ಯ ಟವೆಲ್ ಕೊಡವಿ ಗುಡ್ಡ ಹತ್ತಿದ. ಜನ ಹಿಂದೆ ಹತ್ತಿತು. ಭಾನು ಎಲ್ಲರಿಗಿಂತ ಮುಂದೆ ಇದ್ದಳು.

ಶೆಡ್ಡಿನ ಮುಂದೆ ವೈರ್‌ಲೆಸ್ ಹಿಡಿದು ನಿಂತಿದ್ದವರು ಮುನಿಕೃಷ್ಣನ ಮೇಲಧಿಕಾರಿ ಅಸದುಲ್ಲಾ ಸಾಹೇಬರು. ಬೀಕನ್ ಸರಿಯಾಗಿದೆಯೇ ಎಂದು ವಿಮಾನದಿಂದಲೇ ಪರೀಕ್ಷೆ ಮಾಡಿಸಲು ಬಂದಿದ್ದರು. ವೈರ್‌ಲೆಸ್ಸಿನಲ್ಲಿ ಪೈಲಟ್ಟಿನ ದನಿ ಒಡೆದು ಒಡೆದು ಬಂತು: ಸ್ವಲ್ಪ ದೂರ ಹೋದರೆ ಸಾಕು, ಮುಳ್ಳು ನಿಲ್ಲುತ್ತಿಲ್ಲ, ಫೇಲ್. ವಿಮಾನ ಹೊರಟುಹೋಯಿತು.

ಸಾಹೇಬರ ಕಣ್ಣು ಬೇಲಿಯ ಮೇಲಿನ ತಂತಿಗೆ ಬಿತ್ತು. "ಯಾರು ಕಿತ್ತಿದ್ದು ಇದು? ಉಳುಮೆ ಮಾಡಿ ಕಿತ್ತಿದ್ದರೆ ಇಲ್ಲಿ ಇನ್ನು ಉಳುಮೆ ಬೇಡ. ಇಲಾಖೆಗೆ ಬರೆದು ಈ ಪಟ್ಟಿಯನ್ನೇ ತಗೊಂಡು ಬೇಲಿ ಹಾಕಿಸ್ತೀನಿ. ಆ ಹುಳದ ಮನೆಯೂ ಸೇರಿ."

ಭಾನು ತಿರುಗಿ ಕೆಳಗಿನ ಹುಳದ ಮನೆಯನ್ನು ನೋಡಿದಳು.

"ಕಳ್ಳರು ಸಾರ್," ಅಂದ ಮುನಿಕೃಷ್ಣ. "ತಾಮ್ರಕ್ಕೆ ಬಂದವ್ರು. ನಾನು ಡ್ಯೂಟಿ ಬಿಟ್ಟು ಕುದೂರಿಗೆ ಹೋಗಿದ್ದೆ. ತಪ್ಪು ನಂದೇ. ಏನು ಬರೀತೀರೋ ನನ್ನ ಮೇಲೆ ಬರೀರಿ."

ಬೇರೆ ಹುಡುಗಿಯಾಗಿದ್ದರೆ ಕಣ್ಣಲ್ಲೇ ಕೈ ಮುಗಿಯುತ್ತಿದ್ದಳೋ ಏನೋ. ಭಾನುವಿಗೆ ಮೈಯೆಲ್ಲಾ ಉರಿದುಹೋಯಿತು.

"ಸುಳ್ಳು!" ಅಂದಳು. "ಕಿತ್ತಿದ್ದು ನಾನು, ಟಿಲ್ಲರ್ ಹೊಡೆದು." ಆಮೇಲೆ ಅವನ ಕಡೆ ತಿರುಗಿದಳು. "ನನಗೋಸ್ಕರ ಇಷ್ಟು ಸಲೀಸಾಗಿ ಸುಳ್ಳೇಳೋರು ನನಗೇ ಎಷ್ಟು ಸುಳ್ಳು ಏಳಿರಕಿಲ್ಲ? ಅದು ಗಡಿ ಕಲ್ಲಲ್ಲ ಅಂದ್ರಲ್ಲ, ಅದು ನಿಜವೋ ಸುಳ್ಳೋ ಇನ್ನು ನಾನೆಂಗೆ ನಂಬ್ಲಿ?" ಮಾತು ಮುಗಿಯುವ ಹೊತ್ತಿಗೆ ಅವಳ ಕಣ್ಣು ತುಂಬಿತ್ತು. ಅದನ್ನು ಊರೆಲ್ಲಾ ನೋಡಿತು.

ಸಾಹೇಬರು ಇಬ್ಬರನ್ನೂ ಒಮ್ಮೆ ನೋಡಿದರು. "ಗಡಿ ಕಲ್ಲಲ್ಲಮ್ಮ, ಅದು ನಿಜ. ಆದರೆ ಇವತ್ತಿನಿಂದ ಆಗಬಹುದು. ಮುಂದಿನ ವಾರ ವಿಮಾನ ಮತ್ತೆ ಬರುತ್ತೆ. ಆಗಲೂ ಮುಳ್ಳು ಅಲ್ಲಾಡಿದರೆ ಬೇಲಿ ಬೀಳುತ್ತೆ. ಪಾಸಾದರೂ, ಮತ್ತೆ ಯಾರೂ ಉಳೋದಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

"ತಂತಿ ಮ್ಯಾಲೆ ಬದು ಹಾಕ್ತೀನಿ," ಅಂದಳು ಭಾನು. "ಕಲ್ಲಾದ್ರೆ ಯಾರಾದ್ರೂ ಕೀಳ್ತಾರೆ. ಬದು ಬಂದ್ರೆ ಎತ್ತೂ ನಿಲ್ತದೆ, ಟಿಲ್ಲರೂ ನಿಲ್ತದೆ."

ಪಕ್ಕದವನ ಬದು ಒತ್ತುವವರು ಆ ಊರಲ್ಲಿ ಬೇಕಾದಷ್ಟಿದ್ದರು. ತನ್ನದೇ ತೋಟದ ನಡುವಿನ ಬದುವನ್ನು ಉಳುವವನು ಯಾರೂ ಇರಲಿಲ್ಲ. ಚೆಲುವಯ್ಯ ಮಾತ್ರ ಗೊಣಗಿದ: "ತೋಟದ ತುಂಬ ಬದು ಹಾಕಿದ್ರೆ ಸೊಪ್ಪು ನಿನ್ ತಲೆ ಮ್ಯಾಲೆ ಬೆಳೀತದೇನವ್ವ?" ಸಾಹೇಬರು ಒಪ್ಪಿದರು.

ಆ ವಾರವೆಲ್ಲಾ ಮುನಿಕೃಷ್ಣ ಮುಂದೆ ಕೂತು ತುಂಡಾದ ತಂತಿಗೆ ಬೆಸುಗೆ ಹಾಕುತ್ತಾ ಹೋದ. ಭಾನು ಹಿಂದಿನಿಂದ ಸನಿಕೆಯಲ್ಲಿ ಮಣ್ಣೆಳೆದು ಬದು ಏರಿಸುತ್ತಾ ಬಂದಳು. ಕಂಬದ ಬುಡದಿಂದ ತೋಟದೊಳಕ್ಕೆ ಒಂದೊಂದು ತಂತಿಗೂ ಒಂದೊಂದು ಬದು. ಹತ್ತಿರ ಹತ್ತಿರವೇ ಕೆಲಸ, ಆದರೆ ಮಾತಿಲ್ಲ. ಅವನ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿ ಅಂಟಿಕೊಳ್ಳುವುದನ್ನು ಅವಳು ನೋಡುತ್ತಿದ್ದಳು. ಅವನು ತಿರುಗಿದರೆ ಮಣ್ಣನ್ನು ನೋಡುತ್ತಿದ್ದಳು.

"ಒಂದೇ ಒಂದ್ ಸುಳ್ಳು ಏಳಿದ್ದು ನಾನು," ಅಂದ ಕೊನೆಗೆ. "ನಿಮ್ ತೋಟ ಓಗ್ಬಾರ್ದು ಅಂತ."

"ಕೇಳಿದ್ನಾ ನಾನು? ನನ್ ತೋಟ ನಾನ್ ಉಳಿಸ್ಕಂತೀನಿ. ಸುಳ್ಳೇಳಿ ಉಳಿಸೋರು ಬ್ಯಾಡ ನನಗೆ. ನಿಜ ಏಳೋ ಒಬ್ಬ ಮನ್ಸ ಸಾಕು."

ಅವನು ಬೆಸುಗೆ ನಿಲ್ಲಿಸಿದ. "ಅಂಗಾದ್ರೆ ನಿಜ ಏಳ್ಲಾ?"

ಅವನ ದನಿ ಬೇರೆಯಾಗಿತ್ತು. ಭಾನುವಿಗೆ ಏನು ಹೇಳುತ್ತಾನೋ ಎಂಬ ಆಸೆ, ಹೇಳಿಬಿಟ್ಟರೆ ಎಂಬ ಭಯ. "ಮೊದ್ಲು ತಂತಿ ನೋಡಿ," ಎಂದು ಗದರಿದಳು. ಅವನು ಮತ್ತೆ ತಂತಿಗೆ ಬಗ್ಗಿದ.

ವಿಮಾನ ಬಂದ ದಿನ ಅವಳು ಶೆಡ್ಡಿನ ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಿದ್ದಳು. ಒಳಗೆ ಒಂದು ಪೆಟ್ಟಿಗೆ ಕುಯ್ ಕುಯ್ ಎಂದು ಒಂದೇ ಸಮ ಕೂಗುತ್ತಿತ್ತು. ಅದೇ ಕಂಬದ ಕೂಗು ಎಂದು ಮುನಿಕೃಷ್ಣ ಸನ್ನೆಯಲ್ಲೇ ತೋರಿಸಿದ. ವಿಮಾನ ಸಾವನದುರ್ಗದ ಬಂಡೆಯ ಆಚೆಗೂ ಹೋಗಿ ಕಣ್ಣಿಗೆ ಕಾಣದಾಯಿತು. ವೈರ್‌ಲೆಸ್ಸಿನಲ್ಲಿ ಪೈಲಟ್ಟಿನ ದನಿ ಬಂತು. "ನೀಡಲ್ ಸ್ಟೆಡಿ," ಅಂತು: ಮುಳ್ಳು ಅಲ್ಲಾಡುತ್ತಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ವಿಮಾನ ತಲೆಯ ಮೇಲೆ ಗುಡುಗಿ ದಾಟಿದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಸಾಯ್ತಮ್ಮ. ನಿನ್ನ ತೋಟ ನಿನಗೆ."

ಸಾಹೇಬರ ಜೀಪು ಇಳಿದುಹೋಯಿತು. ಕೆಳಗೆ ತೋಟದಲ್ಲಿ ಚೆಲುವಯ್ಯ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಭಾನುವಿಗೆ ಯಾರನ್ನಾದರೂ ತಬ್ಬಿಕೊಳ್ಳಬೇಕು ಅನ್ನಿಸಿತು. ಪಕ್ಕದಲ್ಲಿ ಇದ್ದದ್ದು ಅವನೊಬ್ಬನೇ.

"ನಿಜ ಏಳ್ತೀನಿ ಅಂದಿದ್ನಲ್ಲ," ಅಂದ ಮುನಿಕೃಷ್ಣ. "ನನ್ನನ್ನ ಹುಬ್ಬಳ್ಳಿಗೆ ವರ್ಗ ಹಾಕವ್ರೆ. ಬೀಕನ್ ಪಾಸಾದ್ರೆ ಓಗ್ಬೇಕು ಅಂತ."

"ಯಾವಾಗ ಗೊತ್ತಾಯ್ತು?"

"ಬದು ಹಾಕೋ ಮುಂಚೆನೇ."

"ಅದನ್ನೂ ಮುಚ್ಚಿಟ್ಯಾ?"

"ಏಳಕ್ ಬಂದೆ. ತಂತಿ ನೋಡಿ ಅಂದ್ರಿ."

"ಅಂದ್ರೆ ಸುಮ್ನಾಗ್ಬುಡದಾ?" ಅವಳ ದನಿ ಗುಡ್ಡ ಇಳಿಯಿತು. "ನಾನು ಬೈದ್ರೆ ಬಾಯ್ ಮುಚ್ಕಂಡು ಓಗೋನು ಯಾಕ್ ಬೇಕು ನನಗೆ? ಸೆಂಟ್ ಬುಟ್ಟಿದ್ದು ನನಗೆ ಗೊತ್ತಾಗ್ಲಿಲ್ಲ ಅಂದ್ಕಂಡ್ಯಾ? ನಿನ್ ಮ್ಯಾಲೆ ಕೋಪ ಮಾಡ್ಕಳದೇ ನನ್ ದಿನದ ಕೆಲ್ಸ ಆಗ್ಬುಟ್ಟೈತೆ. ನೀನ್ ಓದ್ಮ್ಯಾಲೆ ಯಾರ್ ಮ್ಯಾಲೆ ಮಾಡ್ಕಳ್ಲಿ?"

ಮುನಿಕೃಷ್ಣ ಅವಳ ಮಣ್ಣಾದ ಕೈ ಹಿಡಿದುಕೊಂಡ. "ನಿನ್ನ ಬುಟ್ಟು ಇರಕಾಗಕಿಲ್ಲ ನನಗೆ," ಅಂದ. "ಆದ್ರೆ ನಿಮ್ಮಪ್ಪ? ನಾನು ನಿಮ್ ಜನಾನೂ ಅಲ್ಲ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿದ ಕೈಯಲ್ಲೇ ಅವನನ್ನು ಎಳೆದುಕೊಂಡು ಇಳಿದು ಅಪ್ಪನ ಮುಂದೆ ನಿಲ್ಲಿಸಿದಳು. "ಅಪ್ಪಾ, ಮುಚ್ಚುಮರೆ ಬ್ಯಾಡ. ನಾನು ಇವ್ರನ್ನ ಮದ್ವೆ ಆಯ್ತೀನಿ."

ಚೆಲುವಯ್ಯನ ಬೆರಳಿನ ಸುಣ್ಣ ಎಲೆಗೆ ತಾಗುವ ಮುಂಚೆ ನಿಂತಿತು. "ತೋಟ ಉಳೀತು ಅಂತ ಈಗ ತಾನೆ ಉಸಿರು ಬುಟ್ಟಿದ್ದೆ ಕಣವ್ವ," ಅಂದ. "ತೋಟ ನೋಡ್ಕಳೋಳೇ ಓಯ್ತಾಳೆ ಅಂದ್ರೆ ಉಳಿದಿದ್ದೇನು?"

"ನಾನು ಎಲ್ಗೂ ಓಗಕಿಲ್ಲ. ಬರಬೇಕಾದೋರು ಅವ್ರು." ಅವನ ಕಡೆ ತಿರುಗಿದಳು. ಕಣ್ಣಲ್ಲಿ ಮೊದಲಿನ ಸಿಟ್ಟೇ ಇತ್ತು. "ಬತ್ತೀಯಾ?"

"ಬತ್ತೀನಿ."

"ಯಾವಾಗ?"

ನಾಳೆ, ನಾಡಿದ್ದು, ಯುಗಾದಿಗೆ ಎಂದು ಏನು ಬೇಕಾದರೂ ಹೇಳಬಹುದಿತ್ತು. ಅಪ್ಪನೂ ಎದುರಿಗಿದ್ದ, ಸಮಾಧಾನ ಮಾಡುವ ಹೊತ್ತೂ ಅದಾಗಿತ್ತು. ಅವನು ತಲೆ ತಗ್ಗಿಸಿದ.

"ಗೊತ್ತಿಲ್ಲ," ಅಂದ. "ವರ್ಗ ಮಾಡಿಸ್ಕಳದು ನನ್ ಕೈಲಿಲ್ಲ. ಒಂದ್ ವರ್ಷ ಆಗ್ಬೋದು, ಜಾಸ್ತಿನೂ ಆಗ್ಬೋದು."

ಚೆಲುವಯ್ಯ ಥೂ ಎಂದು ಉಗಿದು ಮುಖ ತಿರುಗಿಸಿದ. ಭಾನು ಮಾತ್ರ, ಅವನನ್ನು ಕಂಡ ದಿನದಿಂದ ಮೊದಲ ಸಲ, ನಕ್ಕಳು. ಆ ಮಾತನ್ನು ಅವಳು ಪೂರ್ತಿ ನಂಬಿದ್ದಳು.