ಮೌಲಾಸಾಬರ ಹೆಸರಿನ ಬ್ಯಾಕ್ಟೀರಿಯಾ

ಊಟದ ಡಬ್ಬಿಯಷ್ಟಿದ್ದ 'ವಂಶದರ್ಶಿ'ಯ ಬಾಯಿಗೆ ಡಾ. ಜಯಶೀಲಾ ಬಿರಾದಾರ ಒಂದು ಹನಿ ದ್ರವ ಬಿಟ್ಟರು. ಹನಿಯಲ್ಲಿದ್ದ ಬ್ಯಾಕ್ಟೀರಿಯಾದ ಜೀನೋಮನ್ನು, ಅಂದರೆ ಅದರ ಸಂಪೂರ್ಣ ಆನುವಂಶಿಕ ಬರಹವನ್ನು, ಯಂತ್ರ ಹತ್ತೇ ನಿಮಿಷದಲ್ಲಿ ಓದಿ ಮುಗಿಸಿತು. ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತಾರೆ. ಈ ಯಂತ್ರಕ್ಕೋ, ಮೂಲ ಕೇಳುವುದೊಂದೇ ಕೆಲಸ.

೨೦೫೮ರ ಹೊತ್ತಿಗೆ ಅದು ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿತ್ತು. ಜ್ವರ ಯಾವ ಕ್ರಿಮಿಯಿಂದ ಬಂತೆಂದು ರೋಗಿ ಚಹಾ ಕುಡಿದು ಬರುವಷ್ಟರಲ್ಲಿ ತಿಳಿಯುತ್ತಿತ್ತು. ಅದನ್ನು ಕಟ್ಟಿದ ಜಯಶೀಲಾ ಈಗ ರಾಯಚೂರಿನ ತಮ್ಮ ಪ್ರಯೋಗಾಲಯದಲ್ಲಿ, ಸುಡುನೀರಲ್ಲಿ ಬದುಕುವ ಬ್ಯಾಕ್ಟೀರಿಯಾಗಳನ್ನು ಹೊಸದಾಗಿ ವರ್ಗೀಕರಿಸುತ್ತಿದ್ದರು. ಹಿಂದಿನವರು ಹೆಚ್ಚಾಗಿ ಆಕಾರ, ಬಣ್ಣ, ಆಹಾರ ನೋಡಿ ಹೆಸರಿಟ್ಟಿದ್ದರು. ಈಗಿನ ನಿಯಮ ಸರಳ: ಜೀನೋಮ್ ನೂರಕ್ಕೆ ತೊಂಬತ್ತೈದರಷ್ಟು ಹೊಂದಿದರೆ ಎರಡೂ ಒಂದೇ ಪ್ರಭೇದ. ಮೊದಲು ಇಟ್ಟ ಹೆಸರು ಉಳಿಯುತ್ತದೆ, ಆಮೇಲಿನದು ಹೋಗುತ್ತದೆ.

ಹನಿಯಲ್ಲಿದ್ದದ್ದು 'ಥರ್ಮಸ್ ಮೌಲಾಸಾಬಿ'. ಐಸ್‌ಲ್ಯಾಂಡಿನ ಇನ್ನೊಂದು ಬ್ಯಾಕ್ಟೀರಿಯಾದೊಂದಿಗೆ ಅದರ ಹೊಂದಿಕೆ ಎಷ್ಟೆಂದು ತೆರೆಯ ಮೇಲೆ ಮೂಡಿತು: ತೊಂಬತ್ತೆಂಟು. ಬಿಸಿನೀರ ಬುಗ್ಗೆಯ ಆ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಎರಡು ವರ್ಷ ಮೊದಲೇ ಹೆಸರು ಬಿದ್ದಿತ್ತು. ಮೌಲಾಸಾಬರ ಹೆಸರು ಹೋಗಲೇಬೇಕು. ಸಾಕಿದ ಗಿಣಿ ಹದ್ದಾಗಿ ಕುಕ್ಕಿತ್ತು.

ಆ ಹೆಸರು ಇಟ್ಟ ಕಾಲಕ್ಕೆ ಮೌಲಾಸಾಬರು ಪ್ರಯೋಗಾಲಯದ ಅಟೆಂಡರ್. ೨೦೨೬ರಲ್ಲಿ ಒಂದು ವಿದ್ಯುತ್ ಸ್ಥಾವರದ ಸುಡುನೀರಿನ ಕಾಲುವೆಯಲ್ಲಿ ಕಾಲು ಜಾರಿ, ಮೊಣಕೈವರೆಗೆ ಸುಟ್ಟುಕೊಂಡರೂ ಮಾದರಿಯ ಸೀಸೆಯನ್ನು ಕೈಬಿಡದೆ ತಂದವರು. ಆಗ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜಯಶೀಲಾ ಆ ಉಪಕಾರಕ್ಕೆ ಅವರ ಹೆಸರನ್ನೇ ಲ್ಯಾಟಿನ್ನಿಗೆ ತಿರುಗಿಸಿ ಬ್ಯಾಕ್ಟೀರಿಯಾಕ್ಕೆ ಇಟ್ಟು, ಅದನ್ನು ಸಾರುವ ಪ್ರಬಂಧದ ಕರಡನ್ನೂ ತಾವೇ ಬರೆದಿದ್ದರು. ಸಾಬರು ಆ ಹೆಸರನ್ನು ಮನೆ ಬಾಗಿಲಿನ ಫಲಕದಲ್ಲಿ ಬರೆಸಿಕೊಂಡಿದ್ದರು. "ಇದ್ಯಾವ ಫಾರಿನ್ ಡಿಗ್ರಿರಿ?" ಎಂದು ಓಣಿಯವರು ಕೆಣಕಿದರೆ ಹೆಮ್ಮೆಯಿಂದ ನಗುತ್ತಿದ್ದರು.

ವರದಿಗೆ ಸಹಿ ಹಾಕುವ ಮೊದಲು ಜಯಶೀಲಾ ಅವರ ಮನೆಗೆ ಹೋದರು. ಯಂತ್ರ ತೋರಿಸಿದ್ದನ್ನು ಹೇಳಿದರು.

"ಹೆಸರು ಹೋಗ್ತದೇನ್ರಿ ಮೇಡಂ?"

"ಹೌದು ಚಾಚಾ. ನಾನೇ ಕಟ್ಟಿದ ಮಷೀನು ಹೇಳ್ಲಿಕತ್ತದ. ನೀವು ಬ್ಯಾಡ ಅಂದ್ರ ನಾ ಸಹಿ ಹಾಕಂಗಿಲ್ಲ."

"ಹಂಗ ಮಾಡಬ್ಯಾಡ್ರಿ. ದವಾಖಾನ್ಯಾಗ ಮಂದಿ ಅದರ ಮಾತು ನಂಬ್ಯಾರ." ಎಪ್ಪತ್ತೆರಡರ ಸಾಬರು ಚಹಾದ ಕಪ್ಪು ಮುಂದೆ ಸರಿಸಿದರು. "ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಪೇಪರ್ ಬರದೋರ ಹೆಸರು ನಾಕು ಇದ್ವು. ಅದ್ರಾಗ ಇಬ್ರು ಕಾಲುವಿ ಮುಖಾನೂ ನೋಡಿದ್ದಿಲ್ಲ. ಐದನೇದು ನಂದು ಬರೀಲಿಕ್ಕೆ ಬರ್ತಿದ್ದಿಲ್ಲೇನ್ರಿ?"

ಅಟೆಂಡರನ ಹೆಸರು ಹಾಕುವ ರೂಢಿ ಇರಲಿಲ್ಲ ಎಂಬ ಮಾತು ಜಯಶೀಲಾರ ನಾಲಿಗೆಯ ತುದಿಗೆ ಬಂತು. ಆದರೆ ಹಾಕಬೇಡವೆಂದು ಆಗ ಯಾರೂ ಅಂದಿರಲಿಲ್ಲ. ತಾವೂ ಯಾರನ್ನೂ ಕೇಳಿಯೇ ಇರಲಿಲ್ಲ.

"ಬರ್ತಿತ್ತು ಚಾಚಾ," ಎಂದರು. "ನನಗ ಹೊಳೀಲೇ ಇಲ್ಲ." ನಾಚಿಕೆಯಿಂದ ಅವರಿಗೆ ತಲೆಯೆತ್ತಲಾಗಲಿಲ್ಲ.

ಮರುದಿನ ಸಹಿ ಬಿತ್ತು, ಹೆಸರು ಹೋಯಿತು. ಹಳೆಯ ಪ್ರಬಂಧಕ್ಕಾದರೂ ಐದನೆಯ ಹೆಸರು ಸೇರಿಸೋಣವೆಂದು ವಿಚಾರಿಸಿದರೆ, ಅದನ್ನು ಅಚ್ಚುಹಾಕಿದ ಪತ್ರಿಕೆಯೇ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಒಪ್ಪಿಗೆ ಕೊಡಬೇಕಿದ್ದ ಉಳಿದ ಮೂವರು ಲೇಖಕರಲ್ಲಿ ಯಾರೂ ಬದುಕಿರಲಿಲ್ಲ. ಜಗತ್ತಿನ ಜೀವಿಗಳ ಹೆಸರನ್ನೆಲ್ಲ ತಿದ್ದುವ ಯಂತ್ರ ಮೇಜಿನ ಮೇಲಿತ್ತು, ಈ ಒಂದು ತಿದ್ದುಪಡಿ ಅದರಿಂದಾಗುವಂಥದ್ದಲ್ಲ. ೨೦೨೬ರಲ್ಲಾದರೆ ಇದಕ್ಕೆ ಯಂತ್ರವೇನೂ ಬೇಕಿರಲಿಲ್ಲ. ಆಗ ಪ್ರಬಂಧದ ಕರಡು ಪ್ರತಿ ಜಯಶೀಲಾರ ಕೈಯಲ್ಲೇ ಇತ್ತು, ಒಂದು ಹೆಸರು ಬರೆದಿದ್ದರೆ ಸಾಕಿತ್ತು.