ಎಡಮೂಲೆಯ ಗಾಜು

ನಮ್ಮ ಬೀದಿಯಲ್ಲಿ ಯಾವ ಕಳವು, ಯಾವ ಕೇಡು ಬಯಲಾದರೂ ಅದು ನನ್ನ ಚಹಾದ ಮಹಿಮೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಅದರಲ್ಲಿ ಅರ್ಧ ಸುಳ್ಳು. ಚಹಾ ನನ್ನದು, ಬಯಲು ಮಾಡುತ್ತಿದ್ದವರು ನನ್ನ ಮಹಡಿಯಲ್ಲಿ ಬಾಡಿಗೆಗಿದ್ದ ಸಿಸ್ಟರಮ್ಮ. ಆಸ್ಪತ್ರೆಯ ವಾರ್ಡುಗಳಲ್ಲೇ ಆಯುಷ್ಯ ಸವೆಸಿ ನಿವೃತ್ತಿಯಾದ ನರ್ಸು. ರೋಗಿ ಬಾಯಿ ಬಿಡುವ ಮುಂಚೆ ಕೈ ನೋಡಿಯೇ ಸುಳ್ಳು ಹಿಡಿಯುವ ಹೆಂಗಸು. ನನ್ನ ಗಂಡ ಹೋದ ಮೇಲೆ, ಮೆಟ್ಟಿಲ ಮೇಲಿನ ಸಿಸ್ಟರಮ್ಮನ ಚಪ್ಪಲಿ ಸದ್ದೇ ನನಗೆ ಬಂಧುಬಳಗ.

ಒಂದು ಬೆಳಿಗ್ಗೆ ನನ್ನ ಮೈದುನ ಬಂದು ಹೊಸ್ತಿಲಲ್ಲೇ ನಿಂತ. ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ ಅವನದು. ನನ್ನ ಹಾಗೆ ಅವನೂ ಒಂಟಿ ಜೀವ.

"ಏನಪ್ಪಾ, ದಾರಿ ತಪ್ಪಿ ಬಂದ್ಯಾ? ನಿನ್ನ ಮುಖ ನೋಡಿ ಯುಗ ಆಯ್ತು," ಎಂದೆ.

"ತಮಾಷೆ ಬೇಡ ಅತ್ತಿಗೆ. ಮಾಡದ ತಪ್ಪಿಗೆ ನನ್ನ ಕೆಲಸ ಹೋಗ್ತಾ ಇದೆ. ಸಿಸ್ಟರಮ್ಮನ್ನ ಕರೀರಿ."

ಸಿಸ್ಟರಮ್ಮ ಇಳಿದು ಬಂದರು. ಅವನು ಹೇಳಿದ್ದು ಇಷ್ಟು. ಗೋದಾಮಿಗೆ ಹೊಸದಾಗಿ ತರಬೇತಿಯ ಆಟ ಬಂದಿತ್ತು. ಕಣ್ಣು ಮುಚ್ಚುವಂಥ ಒಂದು ಟೋಪಿ ಬಿಗಿದುಕೊಂಡರೆ ಒಳಗೊಂದು ಸುಳ್ಳು ಗೋದಾಮು ಕಾಣುತ್ತದೆ. ಅಲ್ಲಿ ಪೆಟ್ಟಿಗೆ ಜೋಡಿಸಿದರೆ ಅಂಕ, ಒಡೆದ ಸೀಸೆ ಗುಡಿಸಿದರೆ ಅಂಕ, ಬೇಗ ಮುಗಿಸಿದರೆ ಇನ್ನಷ್ಟು. ಎಲ್ಲರ ಹೆಸರೂ ಅಂಕವೂ ಗೋಡೆಯ ದೊಡ್ಡ ಗಾಜಿನ ಪರದೆಯ ಮೇಲೆ. ಮೈದುನನಿಗೋ ಟೋಪಿ ಹಾಕಿದೊಡನೆ ತಲೆ ಸುತ್ತಿ ವಾಂತಿ. ಅವನ ಹೆಸರು ಕೊನೆಯಲ್ಲೇ ಉಳಿದಿತ್ತು. ತಿಂಗಳ ಕೊನೆಗೆ ಕಡೆಯವನನ್ನು ಮನೆಗೆ ಕಳಿಸುವುದೆಂದು ಮ್ಯಾನೇಜರು ಸಾರಿದ್ದರು.

"ಇವತ್ತು ಬೆಳಿಗ್ಗೆ ನೋಡಿದ್ರೆ ಪರದೆ ಪುಡಿಪುಡಿ. ಯಾರೋ ಟೋಪೀನ ಅದಕ್ಕೆ ಬೀಸಿ ಹೊಡೆದವ್ರೆ. ಕೆಳಗಿದ್ದ ಅಂಕದ ಯಂತ್ರಾನೂ ಜಜ್ಜಿ ಹಾಕವ್ರೆ. ಒಬ್ಬರ ಅಂಕಾನೂ ಉಳಿದಿಲ್ಲ. ಕೊನೇಲಿದ್ದವನು ನಾನು. ನಾನಲ್ದೆ ಇನ್ಯಾರು ಅಂತಾರೆ ಎಲ್ಲಾರೂ."

"ನಿನ್ನೆ ಸಂಜೆ ಒಳಗಿದ್ದವರು ಯಾರ್ಯಾರು?" ಸಿಸ್ಟರಮ್ಮ ಕೇಳಿದರು.

"ಮಿಕ್ಕವರೆಲ್ಲ ಲಾರಿ ಜೊತೆ ಹೋಗಿದ್ರು. ಇದ್ದದ್ದು ನಾನು, ಮ್ಯಾನೇಜರು, ಆಟ ಕಲಿಸೋ ಮಾಸ್ತರು, ಆಮೇಲೆ ನಮ್ಮ ಚಾಂಪಿಯನ್ನು. ಆ ಹುಡುಗೀನೇ ಪರದೇಲಿ ಮೊದಲು."

"ಅವಳು ಹೇಗೆ?"

"ಬಂದಾಗ ಪೆಟ್ಟಿಗೆ ಹಿಡಿಯೋದು ನಾನೇ ಹೇಳಿಕೊಟ್ಟೆ. ಮಾಮ ಮಾಮ ಅಂತ ಹಿಂದೇನೇ ಸುತ್ತೋಳು. ಈಗ ಮಾತಿಲ್ಲ. ಯಾರಿಗೂ ಯಾರ ಜೊತೇಲೂ ಮಾತಿಲ್ಲ. ನಿಂತು ಹೇಳಿಕೊಟ್ರೆ ಹೊತ್ತು ಹೋಗ್ತದಲ್ಲ, ಅಂಕಾನೂ ಹೋಗ್ತದೆ."

ನಾವು ಗೋದಾಮಿಗೆ ಹೋದೆವು. ಆಕಾಶ ಮುಟ್ಟುವ ಹಾಗೆ ಪೆಟ್ಟಿಗೆಗಳು, ಒಂದು ನರಪಿಳ್ಳೆಯ ದನಿ ಇಲ್ಲ. ಊಟದ ಕೋಣೆಯ ಉದ್ದನೆಯ ಮೇಜಿನ ಮೇಲೆ ಧೂಳು ಕೂತಿತ್ತು. ಮೆಟ್ಟಿಲ ಕೆಳಗೆ, ಸಾಮಾನು ಎತ್ತುವ ಗಾಡಿಗಳ ಸಂದಿಯಲ್ಲಿ, ಚಾಂಪಿಯನ್ ಹುಡುಗಿ ಗೋಡೆಗೆ ಮುಖ ಮಾಡಿಕೊಂಡು ಡಬ್ಬಿಯಿಂದ ತಿನ್ನುತ್ತಿದ್ದಳು.

ತರಬೇತಿ ಕೋಣೆಯಲ್ಲಿ ಏನನ್ನೂ ಮುಟ್ಟಕೂಡದೆಂದು ಮ್ಯಾನೇಜರು ಅಪ್ಪಣೆ ಮಾಡಿದ್ದರು. ಪರದೆ ಹಲ್ಲುದುರಿದ ಬಾಯಿಯಂತಿತ್ತು. ಆದರೆ ನೆಲ ಮಾತ್ರ ಚೊಕ್ಕ! ಪುಡಿಯನ್ನೆಲ್ಲ ಯಾರೋ ಬಾಗಿಲ ಎಡಗಡೆಯ ಮೂಲೆಗೆ ಗುಡಿಸಿ ಗುಡ್ಡೆ ಹಾಕಿದ್ದರು. ಎದುರಿಗೆ ಎಚ್ಚರಿಕೆಯ ಹಳದಿ ಫಲಕ ನಿಲ್ಲಿಸಿದ್ದರು. ಗಾಜು ಹಾಕುವ ಕೆಂಪು ಬುಟ್ಟಿ ಇದ್ದದ್ದು ಬಾಗಿಲ ಬಲಗಡೆ.

"ಅಯ್ಯೋ, ಬಹಳ ಮರ್ಯಾದಸ್ಥ ಕೇಡಿ! ಒಡೆದು ಗುಡಿಸಿಯೂ ಹೋಗಿದಾನೆ," ಎಂದೆ.

ಸಿಸ್ಟರಮ್ಮ ನಗಲಿಲ್ಲ. ಮಾಸ್ತರನ ಬಳಿ ಉಳಿದಿದ್ದ ಇನ್ನೊಂದು ಟೋಪಿ ತರಿಸಿ ನನ್ನ ತಲೆಗೇ ಬಿಗಿಸಿದರು. ನಾನು ಕಿರುಚಿದ ಸದ್ದಿಗೆ ಏಳು ಬೀದಿಯ ನಾಯಿಗಳು ಬೊಗಳಿರಬೇಕು. ಕಣ್ಣೆದುರು ಇನ್ನೊಂದು ಗೋದಾಮು, ಫಳಫಳ ಹೊಳೆಯುವ ನೆಲ, ಒಬ್ಬ ಮನುಷ್ಯನೂ ಇಲ್ಲ. ಎಲ್ಲಿಂದಲೋ ಒಂದು ದನಿ ಮಾತ್ರ "ಭೇಷ್! ಭೇಷ್!" ಎನ್ನುತ್ತಿತ್ತು. ಅಂಥ ಬಿಕೋ ಎನ್ನುವ ಜಾಗವನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ.

"ಕೆಂಪು ಬುಟ್ಟಿ ಎಲ್ಲಿದೆ ಹೇಳಿ," ಸಿಸ್ಟರಮ್ಮನ ದನಿ ಕೇಳಿಸಿತು.

"ಬಾಗಿಲ ಎಡಗಡೆ. ಮೊದಲು ಇದನ್ನ ಬಿಚ್ಚಿ ಮಾರಾಯ್ತಿ!"

"ಆಟ ಬೇರೆ ಯಾವುದೋ ಗೋದಾಮಿಗೆ ಮಾಡಿದ್ದು. ಬುಟ್ಟಿ ಎಡಕ್ಕಿದ್ರೇನು ಬಲಕ್ಕಿದ್ರೇನು, ಕಲಿಯೋದು ಕಲೀತಾರೆ," ಎಂದ ಮಾಸ್ತರ ಕುರ್ಚಿಯಿಂದ ಏಳದೆ.

ಸಿಸ್ಟರಮ್ಮ ನಾಲ್ವರನ್ನೂ ಪಕ್ಕದ ಪ್ಯಾಕಿಂಗ್ ಕೋಣೆಗೆ ಕರೆಸಿದರು. ಅಲ್ಲೂ ಕೆಂಪು ಬುಟ್ಟಿ ಬಾಗಿಲ ಬಲಕ್ಕೇ ಇತ್ತು. ಎಲ್ಲರೂ ಬಂದು ನಿಂತ ಮೇಲೆ, ನೀರು ಕುಡಿಯಲೆಂದು ಹಿಡಿದಿದ್ದ ಗಾಜಿನ ಲೋಟವನ್ನು ಕೈಜಾರಿದಂತೆ ಬಿಟ್ಟರು. ಛಿಲ್ಲೆಂದಿತು.

ಮ್ಯಾನೇಜರು ಪ್ಯಾಂಟು ಎತ್ತಿಕೊಂಡು ಹಿಂದಕ್ಕೆ ಹಾರಿದರು. ಮಾಸ್ತರ, "ಯಾರಲ್ಲಿ? ಗುಡಿಸ್ರಿ!" ಎಂದು ಕೂಗಿದ. ಮೈದುನ ತಲೆ ಎತ್ತದೆ ಬಲಕ್ಕೆ ನಡೆದು ಕೆಂಪು ಬುಟ್ಟಿಯನ್ನೇ ಎತ್ತಿಕೊಂಡು ಬಂದ. ಅಷ್ಟರಲ್ಲಿ ಹುಡುಗಿ ಹಳದಿ ಫಲಕ ನಿಲ್ಲಿಸಿ, ಪೊರಕೆ ಹಿಡಿದು ಸರಸರನೆ ಪುಡಿಯನ್ನೆಲ್ಲ ಎಡಗಡೆಯ ಬರಿ ಮೂಲೆಗೆ ತಳ್ಳಿಯಾಗಿತ್ತು. ತಳ್ಳಿದವಳು ಗುಡ್ಡೆ ನೋಡಿದಳು, ಮೈದುನನ ಕೈಯಲ್ಲಿದ್ದ ಬುಟ್ಟಿ ನೋಡಿದಳು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಎಲ್ರೂ ಕೂತ್ಕೊಳ್ಳಿ," ಎಂದರು ಸಿಸ್ಟರಮ್ಮ. "ಪರದೆ ಒಡೆದ ಕೈಯೇ ಅಲ್ಲಿ ಗುಡಿಸಿದೆ. ಸಿಟ್ಟು ಇಳಿದ ಮೇಲೆ ಯೋಚನೆ ಮಾಡಿ ಗುಡಿಸಿದ್ದಲ್ಲ, ಅಭ್ಯಾಸ ಬಲದಿಂದ ಗುಡಿಸಿದ್ದು. ಬುಟ್ಟಿ ಹಿಡಿದಿರೋ ಈ ಯಜಮಾನರು ಗುಡಿಸಿದ್ರೆ ಗಾಜು ನೇರ ಬಲಗಡೆ ಬುಟ್ಟಿಗೆ ಹೋಗ್ತಿತ್ತು. ಆಟದ ಒಳಗೆ ಅವರಿಗೆ ಕಾಲಿಡೋಕೇ ಆಗಿಲ್ಲ. ಎಡಕ್ಕೆ ಗುಡಿಸೋ ಕೈ ಆಟದಲ್ಲಿ ಪಳಗಿದ ಕೈ. ಮಾಸ್ತರಿಗೆ ಆಟ ಗೊತ್ತು, ಆದ್ರೆ ಅವರು ಬಗ್ಗೋ ಜಾತಿ ಅಲ್ಲ, ಬಗ್ಗಿಸೋ ಜಾತಿ. ಮ್ಯಾನೇಜರ ಕೈಗೆ ಪೊರಕೆಯ ಪರಿಚಯವೇ ಇಲ್ಲ. ಉಳಿದದ್ದು ಒಬ್ಬಳೇ."

"ಮೊದಲು ಬಂದವಳು ಯಾಕೆ ಒಡೀತಾಳೆ?" ಮ್ಯಾನೇಜರು ಗುಡುಗಿದರು.

ಸಿಸ್ಟರಮ್ಮ ಹುಡುಗಿಯ ಕಡೆ ತಿರುಗಿದರು. "ಹೇಳು ಮಗಳೇ. ಯಾರೂ ನಿನ್ನ ಹೊಡೆಯೋಲ್ಲ."

"ಪರದೆ ಹೋದ್ರೆ ಕೊನೆಯವ್ರು ಯಾರು ಅಂತ ಗೊತ್ತಾಗಲ್ಲ, ಮಾಮ ಉಳ್ಕೋತಾರೆ ಅಂದ್ಕೊಂಡೆ," ಎಂದಳು. "ಅವ್ರ ಮೇಲೇ ಬರತ್ತೆ ಅಂತ ಹೊಳೀಲೇ ಇಲ್ಲ. ಬೆಳಿಗ್ಗೆಯಿಂದ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ನಾನು ಮೊದಲಾದಷ್ಟೂ ಅವ್ರು ಕೊನೇಲೇ ಉಳೀತಿದ್ರು, ಸಾರ್. ನನ್ನ ಜೊತೆ ಊಟಕ್ಕೆ ಕೂರೋರೂ ಇಲ್ಲ. ದಿನಕ್ಕೊಂದು ಸಲ ನನಗೆ ಭೇಷ್ ಅನ್ನೋದು ಆ ಟೋಪಿ ಒಂದೇ."

ಸಿಸ್ಟರಮ್ಮ ಮ್ಯಾನೇಜರ ಕಡೆ ತಿರುಗಿದರು.

"ಈ ಆಟಕ್ಕೆ ಖರ್ಚೆಷ್ಟು ಅಂದ್ರೆ ನೀವು ಯಂತ್ರದ ಬೆಲೆ ಹೇಳ್ತೀರಿ," ಎಂದರು ಸಿಸ್ಟರಮ್ಮ. "ಕಲಿತದ್ದು ಇಲ್ಲದ ಗೋದಾಮಿನ ಕೆಲಸ, ಕಳ್ಕೊಂಡದ್ದು ಇರೋ ಗೋದಾಮಿನ ಜನ. ಇದನ್ನ ಯಾವ ಲೆಕ್ಕಕ್ಕೆ ಸೇರಿಸ್ತೀರಿ?"

"ನಾನೇ ಹೋಗ್ತೀನಿ ಸಾರ್, ಮಾಮನ್ನ ಬಿಟ್ಬಿಡಿ," ಎಂದಳು ಹುಡುಗಿ.

ಮೈದುನ ಬುಟ್ಟಿಯನ್ನು ಕೆಳಗಿಟ್ಟ. "ಅವಳು ಹೋದ್ರೆ ನಾನೂ ಹೋಗ್ತೀನಿ. ಪೆಟ್ಟಿಗೆ ಹಿಡಿಯೋದು ಹೇಳಿಕೊಟ್ಟೋನು ನಾನು. ಅರ್ಧ ಹೇಳಿಕೊಟ್ಟು ಬಿಟ್ಟೆ, ಅದು ನನ್ನ ತಪ್ಪು."

ಮ್ಯಾನೇಜರು ಮಾಸ್ತರನನ್ನು ನೋಡಿದರು, ಅವರಿಬ್ಬರನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

ಅವರು ಏನಂದರೆಂದು ನಾನು ಹೇಳುವುದಿಲ್ಲ. ಆ ಸಂಜೆ ಮಾಸ್ತರ ತನ್ನ ಟೋಪಿಗಳನ್ನೆಲ್ಲ ಗಾಡಿಗೆ ತುಂಬಿಸಿದನೆಂದು ಮಾತ್ರ ಹೇಳುತ್ತೇನೆ. ಮರುದಿನ ಮಧ್ಯಾಹ್ನ ಮೈದುನನಿಗೆಂದು ಒಂದು ಮದುವೆಗೆ ಸಾಲುವಷ್ಟು ಅಡುಗೆ ಮಾಡಿ ಕಾದೆ. ಅವನು ಗೋದಾಮಿನಿಂದ ಬರಲೇ ಇಲ್ಲ. ಸಿಸ್ಟರಮ್ಮನೂ ಹೊರಗೆ ಹೋಗಿದ್ದರು. ನಾನೊಬ್ಬಳೇ ಕೂತು ತಿಂದೆ. ಬಹಳ ದಿನದ ಮೇಲೆ, ಒಬ್ಬಳೇ ತಿಂದದ್ದು ಬೇಜಾರಾಗಲಿಲ್ಲ. ಅವನು ಎಲ್ಲಿ ಊಟಕ್ಕೆ ಕೂತ, ಯಾರ ಪಕ್ಕ ಕೂತ? ನೀವೇ ಹೇಳಿ ನೋಡೋಣ.