ರಟ್ಟಿನೊಳಗಿನ ಹಾಳೆ

"ಕೊನೇ ಹಾಳೆ ಎಲ್ಲಿ?"

ಕುರುಬರಹಳ್ಳಿಯ ಪುಟ್ಟ ಬೈಂಡಿಂಗ್ ಅಂಗಡಿಯ ಹೊಸ್ತಿಲಲ್ಲಿ ನಿಂತು ತುಂಗಾ ಆಡಿದ ಮೊದಲ ಮಾತು ಅದು. ಎದೆಗೆ ಒಂದು ಕಾದಂಬರಿಯನ್ನು ಅವುಚಿಕೊಂಡಿದ್ದಳು.

ರುದ್ರೇಶ ಕೈಗೆ ಮೆತ್ತಿದ್ದ ಅಂಟು ಒರೆಸಿಕೊಂಡು ಪುಸ್ತಕ ತಿರುವಿದ. ಬೈರಯ್ಯನವರ ಬಾಡಿಗೆ ಲೈಬ್ರರಿಯದು, ಹೊಲಿದವನು ತಾನೇ. "ಇದೆಯಲ್ಲಮ್ಮ, ಹೊಸ ಬಿಳಿ ಹಾಳೆ ಹಾಕಿದೀನಿ."

"ಹೊಸದು ಯಾರಿಗೆ ಬೇಕ್ರೀ? ಹಳೇದರಲ್ಲಿ ನನ್ನ ತಮ್ಮ ಬರೆದಿದ್ದ."

ಓದಿ ಮುಗಿಸಿದವರು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಅಭಿಪ್ರಾಯ ಗೀಚಿ, ಕೆಳಗೆ ಸದಸ್ಯ ಸಂಖ್ಯೆ ಹಾಕುವುದು ಆ ಲೈಬ್ರರಿಯ ವಾಡಿಕೆ. ಕಾದಂಬರಿ ಹಾಸ್ಟೆಲಿನ, ದಾರಿ ತಪ್ಪಿದ ನಾಲ್ವರು ಹುಡುಗರದು. ಕೊನೆಯಲ್ಲಿ, ಪರೀಕ್ಷೆ ಫೇಲಾದವನು ಕೆರೆಗಿಳಿಯುತ್ತಾನೆ.

ತುಂಗಾಳ ತಮ್ಮ ಶ್ಯಾಮಸುಂದರನೂ ಪಿಯುಸಿ ಫೇಲಾಗಿದ್ದ. ಎಂಟು ತಿಂಗಳ ಹಿಂದೆ, ಲೈಬ್ರರಿಯಲ್ಲಿ ನಿಂತೇ ಏನೋ ಬರೆದು, ಈ ಪುಸ್ತಕ ಹಿಂದಿರುಗಿಸಿ, ಸೈಕಲ್ ಹತ್ತಿ ಮಾಗಡಿ ರೋಡಿಗೆ ಬಂದ. ಎದುರಿಗೆ ಲಾರಿ.

"ಜಾರಿದ್ನೋ, ತಾನೇ ಹೋದ್ನೋ, ಯಾರಿಗೂ ಗೊತ್ತಿಲ್ಲ," ಎಂದಳು ತುಂಗಾ. "ಹಿಂದಿನ ದಿನ ನಾನೇ ಬೈದಿದ್ದೆ. ಕಥೆ ಪುಸ್ತಕ ಓದಿ ಹಾಳಾದೆ ಕಣೋ ಅಂತ. ಆ ಕೊನೇ ಅಧ್ಯಾಯ ಅವನಿಗೆ ಏನನ್ನಿಸ್ತು ಅಂತ ನಂಗೆ ಗೊತ್ತಾಗ್ಬೇಕು, ಅಲ್ಲೀವರೆಗೆ ನಿದ್ದೆ ಹತ್ತಲ್ಲ. ಬಿಸಾಕಿಬಿಟ್ರಾ?"

ರುದ್ರೇಶ ಪುಸ್ತಕವನ್ನು ಕಣ್ಣಿಗೊತ್ತಿಕೊಂಡ. "ಅಕ್ಷರ ಇರೋ ಕಾಗದ ಬಿಸಾಕಲ್ಲಮ್ಮ. ನಮ್ಮಪ್ಪ ಕಲಿಸಿದ್ದು. ಹಳೇ ಹಾಳೆ ಪದರ ಪದರ ಅಂಟಿಸಿ ರಟ್ಟು ಮಾಡ್ತೀವಿ. ನಿಮ್ಮ ತಮ್ಮನ ಮಾತು ಇನ್ನೊಂದು ಪುಸ್ತಕದ ರಟ್ಟಿನೊಳಗಿದೆ."

"ಯಾವ ಪುಸ್ತಕ?"

"ಇದನ್ನ ಹೊಲಿದ ವಾರ ಲೈಬ್ರರಿಯವು ನಲವತ್ತು ಹೊಲಿದೆ."

ಏಳು ಕಡಲಿನಾಚೆ ಗಿಳಿ, ಗಿಳಿಯೊಳಗೆ ರಾಕ್ಷಸನ ಜೀವ ಎಂದು ಅಜ್ಜಿ ಹೇಳುತ್ತಿದ್ದ ಕಥೆ ಅವನಿಗೆ ನೆನಪಾಯಿತು. ಈ ಹುಡುಗಿಯ ನಿದ್ದೆಯೂ ಹಾಗೆಯೇ ಎಲ್ಲೋ ಬಚ್ಚಿಟ್ಟುಕೊಂಡು ಕೂತಿದೆ. ಅಂಟಿಸಿ ಮುಚ್ಚಿಟ್ಟವನು ತಾನು.

"ಶನಿವಾರ ಶನಿವಾರ ಬನ್ನಿ," ಎಂದ. "ಒಂದೊಂದಾಗಿ ಬಿಚ್ಚೋಣ."

ಬೈರಯ್ಯನವರು ಆ ನಲವತ್ತರಲ್ಲಿ ವಾರಕ್ಕೆ ನಾಲ್ಕು ಪುಸ್ತಕ ಕಳಿಸಿಕೊಡುತ್ತಿದ್ದರು. ಸಂಜೆ ದೇವರ ದೀಪ ಹಚ್ಚಿ, ರುದ್ರೇಶ ರಟ್ಟಿಗೆ ನೀರು ಸವರುತ್ತಿದ್ದ. ಮೈದಾ ಅಂಟು, ಅದಕ್ಕೆ ಹುಳ ಹಿಡಿಯದಂತೆ ಬೆರೆಸಿದ ಮೈಲುತುತ್ತದ ವಾಸನೆಯೊಂದಿಗೆ ಪದರಗಳು ಬಿಡಿಸಿಕೊಳ್ಳುತ್ತಿದ್ದವು. ಯಾರು ಯಾರದೋ ಮಾತು ಹೊರಗೆ ಬರುತ್ತಿತ್ತು.

"'ನಾಯಕಿಗೆ ಬುದ್ಧಿ ಇಲ್ಲ. ನಾಯಕನಿಗೆ ಅದೂ ಇಲ್ಲ,'" ಎಂದು ತುಂಗಾ ಓದಿದಳು. ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕಳು. ಮರುಗಳಿಗೆ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿಸಿತು. ಅವಳ ಕತ್ತು ತಾನಾಗಿ ತಿರುಗಿತು. ಯಾರೋ ಹಾಲಿನವನು. ನಗು ಅಲ್ಲೇ ಆರಿತು.

ಅವಳು ಹಾಗೆ ತಿರುಗಿದಾಗಲೆಲ್ಲ ರುದ್ರೇಶನೂ ತಿರುಗುತ್ತಿದ್ದ. ತಾನು ಎಂದೂ ಕಂಡಿರದ ಆ ಹುಡುಗ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಇಬ್ಬರನ್ನೂ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು.

"ಏನ್ರೀ ನನ್ನನ್ನೇ ನೋಡ್ತೀರಾ? ರಟ್ಟು ನೋಡಿ."

"ರಟ್ಟನ್ನೇ ನೋಡ್ತಿದ್ದೆ."

"ರಟ್ಟು ಆ ಕಡೆ ಇದೆ."

ಏಳನೆಯ ಶನಿವಾರ ಅವಳು ಬರುವುದರೊಳಗೆ ಒಂದು ರಟ್ಟು ಬಿಚ್ಚಿಕೊಂಡಿತು. ಮಗುಚಿ ಅಂಟಿದ ಒಂದು ಹಾಳೆಯ ಮೂಲೆ ಮೇಲೆದ್ದಿತ್ತು. ೨೧೨. ತುಂಗಾ ಹೇಳಿದ್ದ, ಶ್ಯಾಮಸುಂದರನ ಸಂಖ್ಯೆ.

ರುದ್ರೇಶನ ಕೈ ನಿಂತಿತು. ಹುಡುಗ ಕೆರೆಗಿಳಿಯುವ ಆ ಕೊನೆಯನ್ನೇ ಮೆಚ್ಚಿ ಬರೆದಿದ್ದರೆ? ಹಾಗಿಲ್ಲದಿದ್ದರೆ, ಮುಂದಿನ ಶನಿವಾರ ಇವಳು ಯಾಕೆ ಬರುತ್ತಾಳೆ? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಅವನಿಗೇ ತಿಳಿಯಲಿಲ್ಲ. ರಟ್ಟನ್ನು ಹಲಗೆಯ ಕೆಳಗೆ ಸರಿಸಿದ.

ಎರಡು ಶನಿವಾರ ಕಳೆದವು. ದೀಪದ ಮುಂದೆ ಕೈ ಮುಗಿದರೆ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ, ಆ ಸಂಖ್ಯೆ ಬರುತ್ತಿತ್ತು.

ಮೂರನೆಯ ಶನಿವಾರ ಅವಳು ಕೂರುವ ಮೊದಲೇ ಹೇಳಿಬಿಟ್ಟ. "ತುಂಗಾ ಅವ್ರೇ, ಹಾಳೆ ಸಿಕ್ಕಿ ಎರಡು ವಾರ ಆಯ್ತು. ನಾನು ಓದಿಲ್ಲ. ಬಿಡಿಸೂ ಇಲ್ಲ. ನೀವು ಬರೋದು ನಿಂತುಹೋಗುತ್ತೆ ಅಂತ ಬಚ್ಚಿಟ್ಟೆ. ತಪ್ಪು ಮಾಡಿದೆ."

ಅವಳು ಕೂರಲಿಲ್ಲ. "ಎರಡು ವಾರ," ಎಂದಳು. "ನಾನು ಒಂದಿನಾನೂ ಸರಿಯಾಗಿ ನಿದ್ದೆ ಮಾಡಿಲ್ಲ ರುದ್ರೇಶ್. ನಿಮಗೆ ಅದೂ ಗೊತ್ತಿತ್ತು."

"ಗೊತ್ತಿತ್ತು."

"ಬಿಡಿಸಿ."

ಅವನು ನೀರು ಸವರಿದ. ಹಾಳೆ ಹಣ್ಣಿನ ಸಿಪ್ಪೆಯಂತೆ ಮೆಲ್ಲಗೆ ಎದ್ದು ಬಂತು. ಓದದೆ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ.

ತುಂಗಾ ದೀಪದ ಹತ್ತಿರ ಹಿಡಿದು ಓದಿದಳು:

"ಮೊದಲ ಇನ್ನೂರು ಪುಟ ಸೂಪರ್. ಕೊನೆ ಮಾತ್ರ ಸುಳ್ಳು. ಫೇಲಾದವರೆಲ್ಲ ಕೆರೆಗೆ ಹೋಗಲ್ಲ ಸ್ವಾಮಿ, ನಾನೂ ಫೇಲು. ನಿನ್ನೆ ಅಕ್ಕ ಬೈದಳು. ಆಮೇಲೆ ತಾನೇ ಮೊಸರನ್ನ ಕಲಸಿ ಕೈತುತ್ತು ಹಾಕಿದಳು. ಲೇಖಕರು ಈ ಹುಡುಗನಿಗೆ ಒಬ್ಬ ಅಕ್ಕನನ್ನು ಕೊಡುವುದು ಮರೆತಿದ್ದಾರೆ. ಅಕ್ಟೋಬರ್ ಪರೀಕ್ಷೆಗೆ ಅರ್ಜಿ ತುಂಬಿದ್ದೇನೆ, ಈಗ ಕಾಲೇಜಿಗೆ ಕೊಡಲು ಹೋಗುತ್ತಿದ್ದೇನೆ. ೨೧೨."

"ಮೊಸರನ್ನ," ಎಂದಳು ತುಂಗಾ. "ಅದು ನಂಗೆ ಮರೆತೇ ಹೋಗಿತ್ತು. ಬೈದಿದ್ದೊಂದೇ ನೆನಪಿತ್ತು." ಸ್ಟೂಲಿನಲ್ಲಿ ಕುಸಿದು, ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಬೀದಿಯಲ್ಲಿ ಸೈಕಲ್ ಬೆಲ್ ಕೇಳಿಸಿತು. ಅವಳು ತಿರುಗಲಿಲ್ಲ.

ಬಹಳ ಹೊತ್ತಿನ ಮೇಲೆ ಎದ್ದು ಚಪ್ಪಲಿ ಮೆಟ್ಟಿದಳು. ರುದ್ರೇಶ ತಲೆ ತಗ್ಗಿಸಿ ನಿಂತಿದ್ದ. ಹಲಗೆಯ ತುಂಬ ಬಿಚ್ಚಿದ ಪುಸ್ತಕಗಳು ರಟ್ಟಿಲ್ಲದೆ ಬಿದ್ದಿದ್ದವು.

"ಇವನ್ನೆಲ್ಲ ಯಾರು ಹೊಲಿಯೋದು?"

"ನಾನೇ."

"ಒಬ್ರೇ ಆಗಲ್ಲ," ಎಂದಳು, ಹಾಳೆಯನ್ನು ಮಡಿಸದೆ ಎದೆಗೊತ್ತಿಕೊಂಡು. "ನಿಮ್ಮ ಮೇಲೆ ಕೋಪ ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ. ಶನಿವಾರ ಬರ್ತೀನಿ. ಸೂಜಿಗೆ ದಾರ ಪೋಣಿಸಿಕೊಡ್ತೀನಿ."

ಹೊಸ್ತಿಲು ದಾಟಿದವಳು ಒಮ್ಮೆ ಹಿಂದಿರುಗಿ ನೋಡಿದಳು. ಈ ಸಲ ಬೀದಿಯ ಕಡೆಗಲ್ಲ, ಅವನ ಕಡೆಗೆ.